ನಿಮಗಿದು ಗೊತ್ತೆ? ಸ್ಪೀಕರ್ ಎರಡಾದರೂ ಸದ್ದು ಕಡಿಮೆ!

ಆಂಬುಲೆನ್ಸ್‌ಗೆ ಎರಡನೇ ಸ್ಪೀಕರ್ ಹಾಕಿದ ಮೇಲೆ ಸೈರನ್ ಸದ್ದು ಕುಗ್ಗಲೂಬಹುದು! ಆಂಪ್ಲಿಫೈಯರ್ ಸರಿಯಿದೆ, ಸ್ಪೀಕರ್‌ಗಳೂ ಹೊಸವು. ಒಂದರ ಪ್ಲಸ್-ಮೈನಸ್ ವೈರ್ ಅದಲುಬದಲಾಗಿದೆ, ಅಷ್ಟೆ. ಆಗ ಒಂದು ಸ್ಪೀಕರ್ ಗಾಳಿಯನ್ನು ಮುಂದಕ್ಕೆ ತಳ್ಳುವ ಹೊತ್ತಿಗೇ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. ಅಲೆಗಳು ಒಂದನ್ನೊಂದು ನುಂಗಿಹಾಕುತ್ತವೆ. ಅದೂ ಎಲ್ಲಿ? ವಾಹನದ ನೇರ ಮುಂದೆ, ದಾರಿ ಬಿಡಬೇಕಾದ ಬಸ್ಸು-ಲಾರಿಗಳಿರುವ ಕಡೆಯೇ! ಓರೆಯಾಗಿ ಪಕ್ಕದಲ್ಲಿ ನಿಂತವರಿಗೆ ಮಾತ್ರ ಜೋರಾಗಿಯೇ ಕೇಳೀತು. ತಮಿಳುನಾಡಿನ ಉತ್ತಮಪಾಳಯಂನಿಂದ ಕಂಬಂ ಕಡೆಗೆ ಓಡುವ ಗಾಡಿಯಾಗಲಿ, ಬೆಂಗಳೂರಿನದಾಗಲಿ, ಭೌತಶಾಸ್ತ್ರ ಬದಲಾಗದು. ರಿಪೇರಿಗೆ ಕಾಸಿನ ಖರ್ಚಿಲ್ಲ. ಒಂದು ಸ್ಪೀಕರಿನ ಎರಡು ವೈರ್‌ಗಳನ್ನು ಅದಲುಬದಲು ಮಾಡಿದರೆ ಸಾಕು. ಉತ್ಸಾಹದಲ್ಲಿ ಎರಡೂ ಸ್ಪೀಕರ್‌ಗಳ ವೈರ್ ಬದಲಿಸಿದಿರೋ, ಮತ್ತೆ ಅದೇ ಗೋಳು!