ರಕ್ತ ತೆಳುಗೊಳಿಸುವ ಔಷಧಗಳ ಅಡ್ಡಪರಿಣಾಮಗಳು

ರಕ್ತ ತೆಳುಗೊಳಿಸುವ ಔಷಧಗಳು ಹೃದಯ ಮತ್ತು ರಕ್ತನಾಳಗಳೊಳಗೆ ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತವೆ. ಹೆಸರು ಹಾಗಿದ್ದರೂ ಇವುಗಳಿಂದ ರಕ್ತ ನೀರಾಗುವುದಿಲ್ಲ. ಹೆಪ್ಪುಗಟ್ಟುವ ಕ್ರಿಯೆ ಮಾತ್ರ ನಿಧಾನವಾಗುತ್ತದೆ. ವಾರ್ಫರಿನ್, ಅಸೆನೊಕೌಮರಾಲ್, ಹೆಪಾರಿನ್, ಡಾಬಿಗಟ್ರಾನ್ ಮುಂತಾದವು ಹೆಪ್ಪುರೋಧಕಗಳು. ಆಸ್ಪಿರಿನ್ ಮತ್ತು ಕ್ಲೊಪಿಡೋಗ್ರೆಲ್ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ನೋಡಿಕೊಳ್ಳುತ್ತವೆ.

ರಕ್ತಸ್ರಾವ

ಇವುಗಳ ಮುಖ್ಯ ಅಡ್ಡಪರಿಣಾಮ ರಕ್ತಸ್ರಾವ. ಇದು ಔಷಧದ ದೋಷವಲ್ಲ, ಅದರ ಗುಣದ್ದೇ ಇನ್ನೊಂದು ಮುಖ. ಒಸಡು ಅಥವಾ ಮೂಗಿನಿಂದ ರಕ್ತ ಬರುವುದು, ಚರ್ಮ ಕಂದುಗಟ್ಟುವುದು, ಮುಟ್ಟಿನ ಸ್ರಾವ ಹೆಚ್ಚುವುದು ಸಾಮಾನ್ಯ. ಮಲ ಡಾಂಬರಿನಂತೆ ಕಪ್ಪಾಗುವುದು, ಮೂತ್ರ ಕೆಂಪಾಗುವುದು, ಹಠಾತ್ತನೆ ತೀವ್ರ ತಲೆನೋವು ಬರುವುದು ಒಳಗಿನ ರಕ್ತಸ್ರಾವದ ಸೂಚನೆಗಳು. ತಲೆಗೆ ಪೆಟ್ಟು ಬಿದ್ದರೆ ಹೊರಗೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಹೋಗಬೇಕು.

ವಾರ್ಫರಿನ್‌ನ ಇತಿಹಾಸವೂ ರಕ್ತಸ್ರಾವದಿಂದಲೇ ಆರಂಭವಾಗುತ್ತದೆ. 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವು ತಿಂದ ದನಗಳು ರಕ್ತ ಸೋರಿ ಸಾಯುತ್ತಿದ್ದವು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾರ್ಲ್ ಲಿಂಕ್ ತಂಡ ಆ ಮೇವಿನಿಂದ ಡೈಕೌಮರಾಲ್ ಎಂಬ ವಸ್ತುವನ್ನು ಬೇರ್ಪಡಿಸಿತು. ಅದರ ಸಂಬಂಧಿಯಾದ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿ ಬಳಕೆಗೆ ಬಂದು, 1954ರಲ್ಲಿ ಮನುಷ್ಯರ ಔಷಧವಾಯಿತು.

ಆಹಾರ ಮತ್ತು ಪರಿಸರ

ವಾರ್ಫರಿನ್ ಮತ್ತು ಅಸೆನೊಕೌಮರಾಲ್ ವಿಟಮಿನ್ ಕೆಯ ಕ್ರಿಯೆಯನ್ನು ತಡೆಯುತ್ತವೆ. ಹಸಿರು ಸೊಪ್ಪುಗಳಲ್ಲಿ ಈ ವಿಟಮಿನ್ ಹೇರಳ. ನೆಲ್ಯಾಡಿ, ಕಡಬ, ಸುಳ್ಯದ ಕಡೆ ಆಟಿ ತಿಂಗಳಲ್ಲಿ ಕೆಸುವಿನೆಲೆಯ ಪತ್ರೊಡೆ, ತಜಂಕ್ (ತಗತೆ ಸೊಪ್ಪು) ಮುಂತಾದ ಎಲೆಗಳ ಅಡುಗೆ ಹೆಚ್ಚು. ಉಳಿದ ತಿಂಗಳುಗಳಲ್ಲಿ ಸೊಪ್ಪು ಅಪರೂಪವಾಗಿದ್ದು ಆಗ ಒಮ್ಮೆಲೇ ಹೆಚ್ಚಿದರೆ ಔಷಧದ ಪ್ರಭಾವ ತಗ್ಗಬಹುದು. ಸೊಪ್ಪನ್ನು ಪೂರ್ತಿ ಬಿಟ್ಟರೆ ಪ್ರಭಾವ ಮಿತಿಮೀರಬಹುದು. ಸೊಪ್ಪು ನಿಷಿದ್ಧವೆಂಬ ನಂಬಿಕೆ ವ್ಯಾಪಕವಾಗಿದೆಯಾದರೂ ಅದು ಸರಿಯಲ್ಲ. ಪ್ರಮಾಣ ಸ್ಥಿರವಾಗಿದ್ದರೆ ಸಾಕು.

ಮಳೆಗಾಲದಲ್ಲಿ ತೋಟಕ್ಕಿಳಿಯುವವರಿಗೆ ಉಂಬಳ (ಜಿಗಣೆ) ಪರಿಚಿತ. ಅದರ ಜೊಲ್ಲಿನಲ್ಲಿಯೂ ಹೆಪ್ಪುರೋಧಕವಿರುವುದರಿಂದ, ಈ ಮಾತ್ರೆ ಸೇವಿಸುವವರಿಗೆ ಕಡಿತದ ರಕ್ತ ಇನ್ನಷ್ಟು ಹೊತ್ತು ಸೋರಬಹುದು. ಗಾಯವನ್ನು ಬಟ್ಟೆಯಿಂದ ಒತ್ತಿ ಹಿಡಿಯಬೇಕು.

ಇತರ ಪರಿಣಾಮಗಳು

ವಾರ್ಫರಿನ್‌ನಿಂದ ವಿರಳವಾಗಿ ಚರ್ಮ ಕೊಳೆಯುತ್ತದೆ. ಗರ್ಭಿಣಿಯರಲ್ಲಿ ಇದು ಭ್ರೂಣಕ್ಕೆ ಹಾನಿ ಮಾಡಬಲ್ಲದು. ಹೆಪಾರಿನ್ ಕೆಲವರಲ್ಲಿ ಪ್ಲೇಟ್‌ಲೆಟ್‌ಗಳನ್ನು ಕುಗ್ಗಿಸಿ, ವಿಚಿತ್ರವೆಂಬಂತೆ, ಹೊಸ ಹೆಪ್ಪುಗಳನ್ನೇ ಉಂಟುಮಾಡುತ್ತದೆ. ಡಾಬಿಗಟ್ರಾನ್ ಹೊಟ್ಟೆಯುರಿಗೂ ಆಸ್ಪಿರಿನ್ ಜಠರದ ಹುಣ್ಣಿಗೂ ಕಾರಣವಾಗಬಹುದು.

ನಿಯಂತ್ರಣ

ವಾರ್ಫರಿನ್ ಬಳಸುವವರ ರಕ್ತವನ್ನು ಐಎನ್ಆರ್ ಪರೀಕ್ಷೆಗೆ ಒಳಪಡಿಸಲಾಗುತ್ತದೆ. ಸಾಮಾನ್ಯ ಗುರಿ 2ರಿಂದ 3. ಕೆಲವು ಕೃತಕ ಕವಾಟಗಳಿಗೆ ಇದಕ್ಕಿಂತ ಹೆಚ್ಚು. ಡೈಕ್ಲೊಫೆನಾಕ್‌ನಂತಹ ನೋವಿನ ಮಾತ್ರೆಗಳು ಮತ್ತು ಮೆಟ್ರೊನಿಡಜೋಲ್ ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ. ಕ್ಷಯದ ಔಷಧವಾದ ರಿಫಾಂಪಿಸಿನ್ ವಾರ್ಫರಿನ್‌ನ ಪ್ರಭಾವವನ್ನು ತಗ್ಗಿಸುತ್ತದೆ. ರಕ್ತ ಕಂಡು ಹೆದರಿ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿದರೆ ಕವಾಟದಲ್ಲಿ ಹೆಪ್ಪುಗಟ್ಟುವ ಅಥವಾ ಪಾರ್ಶ್ವವಾಯು ಬಡಿಯುವ ಸಂಭವವಿದೆ. ವಾರ್ಫರಿನ್‌ಗೆ ವಿಟಮಿನ್ ಕೆ, ಹೆಪಾರಿನ್‌ಗೆ ಪ್ರೋಟಮಿನ್, ಡಾಬಿಗಟ್ರಾನ್‌ಗೆ ಇಡರುಸಿಜುಮ್ಯಾಬ್ ಪ್ರತ್ಯೌಷಧಗಳಾಗಿವೆ.