ನಿಮಗಿದು ಗೊತ್ತೆ? ದೂರು ಕೊಟ್ಟವರೇ ಕಾರು ಕಟ್ಟಿದರು!

ಅಮೆರಿಕದ ಹೆಸರಾಂತ ಪ್ಯಾಕಾರ್ಡ್ ಕಾರು ಹುಟ್ಟಿದ್ದು ಬೇಸತ್ತ ಒಬ್ಬ ಗ್ರಾಹಕರ ಛಲದಿಂದ.

ಒಹಾಯೊ ರಾಜ್ಯದ ವಾರೆನ್ ಊರಿನ ಜೇಮ್ಸ್ ವಾರ್ಡ್ ಪ್ಯಾಕಾರ್ಡ್ ಎಂಜಿನಿಯರ್. ವಿದ್ಯುತ್ ದೀಪಗಳ ಉದ್ಯಮಿ. 1898ರಲ್ಲಿ ಅವರು ಕ್ಲೀವ್‌ಲ್ಯಾಂಡ್‌ನಲ್ಲಿ ವಿಂಟನ್ ಕಂಪನಿಯ ಹೊಚ್ಚಹೊಸ ಕಾರು ಕೊಂಡರು. ಮನೆ ಸೇರುವ ಮೊದಲೇ ಅದು ಕೆಟ್ಟು ನಿಂತಿತು! ಆಮೇಲೂ ರಿಪೇರಿಯ ಕಾಟ ತಪ್ಪಲಿಲ್ಲ. ಪ್ಯಾಕಾರ್ಡ್ ಬರೀ ದೂರು ಹೇಳಲಿಲ್ಲ, ಏನೇನು ಸರಿಪಡಿಸಬೇಕೆಂದೂ ತಿಳಿಸಿದರು. ‘ಅಷ್ಟು ಗೊತ್ತಿದ್ದರೆ ನೀವೇ ಒಂದು ಕಾರು ಮಾಡಿಕೊಳ್ಳಿ’ ಎಂದರಂತೆ ಮಾಲೀಕ ಅಲೆಕ್ಸಾಂಡರ್ ವಿಂಟನ್.

ಪ್ಯಾಕಾರ್ಡ್ ಮಾಡಿಯೇಬಿಟ್ಟರು. ಅಣ್ಣ ವಿಲಿಯಂ ಕೈಜೋಡಿಸಿದರು. ವಿಂಟನ್ ಕಂಪನಿಯಿಂದಲೇ ಇಬ್ಬರು ಇವರ ಕಡೆ ಬಂದರು. 1899ರ ನವೆಂಬರ್ 6ರಂದು ಒಂದೇ ಸಿಲಿಂಡರಿನ ಮೊದಲ ಪ್ಯಾಕಾರ್ಡ್ ವಾರೆನ್ನಿನ ಬೀದಿಗಿಳಿಯಿತು.

ಮುಂದೆ ಪ್ಯಾಕಾರ್ಡ್ ಸಿರಿವಂತರ ಅಚ್ಚುಮೆಚ್ಚಿನ ಕಾರಾಯಿತು. ‘ಇದನ್ನು ಇಟ್ಟುಕೊಂಡವರನ್ನೇ ಕೇಳಿ’ ಎಂಬುದು ಅದರ ಪ್ರಸಿದ್ಧ ಜಾಹೀರಾತು. ತನ್ನ ಗ್ರಾಹಕರ ಮಾತನ್ನೇ ಸಾಕ್ಷಿಯಾಗಿ ಮುಂದಿಡಲು ನಿಜಕ್ಕೂ ಎದೆಗಾರಿಕೆ ಬೇಕು. ದಶಕಗಳ ಕಾಲ ಆ ಮಾತು ನಡೆಯಿತು ಕೂಡ. ವಿಂಟನ್ ಕಂಪನಿಯಾದರೋ 1924ರಲ್ಲೇ ಕಾರು ತಯಾರಿಕೆ ಕೈಬಿಟ್ಟಿತು.

ಆದರೆ 1955ರಲ್ಲಿ ಪ್ಯಾಕಾರ್ಡ್ ತಂದ ಹೊಸ ವಿ8 ಎಂಜಿನ್ನಿನ ಆಯಿಲ್ ಪಂಪ್ ಕೈಕೊಡತೊಡಗಿತು. ಈ ಸಲ ದೂರು ಹೊತ್ತು ಬಂದವರು ಪ್ಯಾಕಾರ್ಡ್ ಕಾರು ಕೊಂಡವರು. 1958ರಲ್ಲಿ ಕೊನೆಯ ಪ್ಯಾಕಾರ್ಡ್ ತಯಾರಾಯಿತು.