ಓಡುವ ಪದ, ತೆವಳುವ ಕಣ: ‘ಕರೆಂಟ್’ ಕಥೆ

ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಕತ್ತಲಾದರೆ ನಮ್ಮ ಬಾಯಿಂದ ಬರುವ ಮೊದಲ ಮಾತು ‘ಅಯ್ಯೋ, ಕರೆಂಟ್ ಹೋಯ್ತು’. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ಹಾಗೆಯೇ ಹೇಳುತ್ತಾಳೆ, ವಿಜ್ಞಾನದ ಮೇಷ್ಟ್ರಾದ ನಾನೂ ಹಾಗೆಯೇ ಹೇಳುತ್ತೇನೆ. ಇಷ್ಟು ಬಳಕೆಯಾದ ಪದದ ಅರ್ಥವೇನೆಂದು ನಾನು ನಿಜವಾಗಿ ಯೋಚಿಸಿದ್ದು ಒಬ್ಬ ಹುಡುಗನಿಂದಾಗಿ.

ಹಲವು ವರ್ಷಗಳ ಹಿಂದಿನ ಮಾತು. ರಾತ್ರಿಯ ಗಾಳಿಮಳೆಗೆ ಶಾಲೆಯ ಹತ್ತಿರದ ಕಂಬದ ತಂತಿ ಕಡಿದು ಆಳೆತ್ತರದಲ್ಲಿ ನೇತಾಡುತ್ತಿತ್ತು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಅದನ್ನು ಪಕ್ಕಕ್ಕೆ ಸರಿಸಲು ಕೈ ಎತ್ತಿದ್ದ. ಓಡಿಹೋಗಿ ಹಿಂದಕ್ಕೆ ಎಳೆದುಕೊಂಡು ಗದರಿದೆ. ಅವನು ಬೆದರುತ್ತಲೇ ಹೇಳಿದ: ‘ತಂತಿ ತುಂಡಾಗಿದೆಯಲ್ಲ ಸಾರ್. ಮಂಡಲ ಪೂರ್ತಿಯಾಗದೆ ಕರೆಂಟ್ ಹರಿಯೋದಿಲ್ಲ ಅಂತ ನೀವೇ ಹೇಳಿದ್ದಿರಿ.’

ಹೌದು, ನಾನೇ ಹೇಳಿದ್ದೆ. ಪುಸ್ತಕದ ಪ್ರಕಾರ ಅವನ ಮಾತು ಸರಿ. ಆ ತಂತಿಯಲ್ಲಿ ಕರೆಂಟ್ ಹರಿಯುತ್ತಿರಲಿಲ್ಲ. ಆದರೆ ಊರಿನ ಮಾತಿನ ಪ್ರಕಾರ ಅದರಲ್ಲಿ ‘ಕರೆಂಟ್ ಇತ್ತು’. ಒಂದೇ ಪದದ ಎರಡು ಅರ್ಥಗಳ ನಡುವೆ ಒಂದು ಜೀವ ಸಿಕ್ಕಿಕೊಂಡಿತ್ತು.

ಓಟದಿಂದ ಹುಟ್ಟಿದ ಪದ

‘ಕರೆಂಟ್’ ಪದದ ಮೂಲ ಲ್ಯಾಟಿನ್ ಭಾಷೆಯ ‘ಕುರ್ರೆರೆ’. ಅದರ ಅರ್ಥ ಓಡು. ಹಳೆಯ ಫ್ರೆಂಚ್ ಭಾಷೆಯಲ್ಲಿ ಅದು ‘ಓಡುತ್ತಿರುವ’ ಎಂಬ ರೂಪ ತಳೆದು ಇಂಗ್ಲಿಷಿಗೆ ಬಂತು. ಹರಿಯುವ ನೀರಿನ ಸೆಳೆತವೂ ಕರೆಂಟ್, ಸದ್ಯ ನಡೆಯುತ್ತಿರುವ ಸಂಗತಿಯೂ ಕರೆಂಟ್. ಕೈಯಿಂದ ಕೈಗೆ ಓಡುವ ಹಣ ಕರೆನ್ಸಿ, ಓಡಿಬಂದು ಪತ್ರ ಮುಟ್ಟಿಸುವವನು ಕೊರಿಯರ್. ನಮ್ಮಂಥ ಉಪಾಧ್ಯಾಯರು ವರ್ಷವಿಡೀ ಬೆನ್ನಟ್ಟುವ ಕರಿಕ್ಯುಲಂ ಕೂಡ ಮೂಲದಲ್ಲಿ ಓಟ, ಪಂದ್ಯದ ಓಟ! ಆದರೆ ಕೇಕಿಗೆ ಹಾಕುವ ಕರಂಟ್ ಎಂಬ ಒಣದ್ರಾಕ್ಷಿ ಮಾತ್ರ ಈ ವಂಶದ್ದಲ್ಲ. ಅದು ಗ್ರೀಸಿನ ಕೊರಿಂತ್ ಪಟ್ಟಣದಿಂದ ಹೆಸರು ಪಡೆದದ್ದು.

ವಿದ್ಯುತ್ತಿಗೆ ಈ ಓಟದ ಹೆಸರು ಅಂಟಿದ್ದೇಕೆ? ಹದಿನೆಂಟನೆಯ ಶತಮಾನದ ಅನೇಕ ವಿಜ್ಞಾನಿಗಳು ವಿದ್ಯುತ್ತನ್ನು ಕಣ್ಣಿಗೆ ಕಾಣದ ಒಂದು ದ್ರವವೆಂದು ಭಾವಿಸಿದ್ದರು. ದ್ರವವೆಂದ ಮೇಲೆ ಹರಿಯಲೇಬೇಕಲ್ಲ! ಕನ್ನಡದ ‘ವಿದ್ಯುತ್ ಪ್ರವಾಹ’ದಲ್ಲಿಯೂ ಅದೇ ಹೊಳೆಯ ಚಿತ್ರವಿದೆ. ಪಠ್ಯಪುಸ್ತಕದಲ್ಲಿ ಕರೆಂಟಿಗೆ ‘ಸಿ’ ಬದಲು ‘ಐ’ ಅಕ್ಷರವೇಕೆ ಎಂದು ಮಕ್ಕಳು ಕೇಳುವುದುಂಟು. ಪ್ರವಾಹದ ತೀವ್ರತೆಯನ್ನು ಫ್ರೆಂಚರು ‘ಇಂಟೆನ್ಸಿಟೆ’ ಎಂದರು. ಅದರ ಮೊದಲ ಅಕ್ಷರ ಹಾಗೆಯೇ ಉಳಿಯಿತು.

ಆಮೆಗಿಂತ ನಿಧಾನ

1897ರಲ್ಲಿ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಕಂಡುಹಿಡಿದ ಮೇಲೆ, ತಂತಿಯಲ್ಲಿ ಸಾಗುವುದು ಈ ಕಣಗಳೆಂದು ತಿಳಿಯಿತು. ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಯಲ್ಲಿ ಒಂದು ಆಂಪಿಯರ್ ನೇರ ಕರೆಂಟ್ ಹರಿಯುವಾಗ, ಎಲೆಕ್ಟ್ರಾನುಗಳು ಒಂದು ಮೀಟರ್ ಮುಂದೆ ಸರಿಯಲು ಸುಮಾರು ನಾಲ್ಕು ಗಂಟೆ ಬೇಕು! ಮನೆಗೆ ಬರುವ ಪರ್ಯಾಯ ವಿದ್ಯುತ್ತಿನಲ್ಲಂತೂ ಅವು ಮುಂದೆ ಹೋಗುವುದೇ ಇಲ್ಲ. ಸೆಕೆಂಡಿಗೆ 50 ಬಾರಿ ನಿಂತಲ್ಲೇ ಹಿಂದೆ ಮುಂದೆ ತೂಗಾಡುತ್ತವೆ. ಹಾಗಾದರೆ ಗುಂಡಿ ಒತ್ತಿದ ಕೂಡಲೇ ಬಲ್ಬು ಬೆಳಗುವುದು ಹೇಗೆ? ತಂತಿಯ ತುಂಬ ಎಲೆಕ್ಟ್ರಾನುಗಳು ಮೊದಲೇ ಇವೆ. ‘ಹೊರಡಿ’ ಎಂಬ ಸೂಚನೆ ಮಾತ್ರ ಬೆಳಕಿನ ವೇಗಕ್ಕೆ ಹತ್ತಿರದ ವೇಗದಲ್ಲಿ ತಲುಪುತ್ತದೆ. ಓಡುವುದು ಸೂಚನೆ, ತೆವಳುವುದು ಕಣ.

ಇನ್ನು ಆ ಹುಡುಗನ ಪ್ರಶ್ನೆಗೆ ಬರೋಣ. ಅದಕ್ಕೆ ಉತ್ತರ 1820ರಷ್ಟು ಹಿಂದೆಯೇ ಸಿದ್ಧವಾಗಿತ್ತು. ಆ ವರ್ಷ ಫ್ರಾನ್ಸಿನ ಆಂಪಿಯರ್ ‘ವಿದ್ಯುತ್ ಸೆಳೆತ’ ಬೇರೆ, ‘ವಿದ್ಯುತ್ ಪ್ರವಾಹ’ ಬೇರೆ ಎಂದು ಬಿಡಿಸಿ ಹೇಳಿದ್ದ. ಮಹಡಿಯ ಮೇಲೆ ನೀರಿನ ಟ್ಯಾಂಕ್ ತುಂಬಿದೆ, ಕೆಳಗೆ ನಲ್ಲಿ ಮುಚ್ಚಿದೆ ಎನ್ನಿ. ಕೊಳವೆಯಲ್ಲಿ ನೀರು ಹರಿಯುತ್ತಿಲ್ಲ, ಆದರೆ ಒತ್ತಡವಿದೆ. ನಲ್ಲಿ ತಿರುಗಿಸಿದರೆ ನುಗ್ಗುತ್ತದೆ. ಕಡಿದ ತಂತಿಯೂ ಹೀಗೆಯೇ. ಹರಿವು ಇಲ್ಲ, ಆದರೆ ವೋಲ್ಟೇಜ್ ಎಂಬ ಒತ್ತಡ ಕಾದು ಕುಳಿತಿದೆ. ನೆಲದ ಮೇಲೆ ನಿಂತು ಮುಟ್ಟಿದವನ ಮೈಯೇ ನಲ್ಲಿ! ಮಂಡಲ ಪೂರ್ತಿಯಾಗುವುದು ಅವನಿಂದಲೇ.

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿಗೂ ಬಂತು. ಅಲ್ಲಿಂದೀಚೆಗೆ ನಾವು ಒತ್ತಡ, ಹರಿವು, ಶಕ್ತಿ ಮೂರನ್ನೂ ‘ಕರೆಂಟ್’ ಎಂಬ ಒಂದೇ ಚೀಲಕ್ಕೆ ತುಂಬಿದ್ದೇವೆ. ಮಾತಿಗೆ ಅದು ಸಾಕು. ತಂತಿಯ ಹತ್ತಿರ ಸಾಲದು. ‘ಕರೆಂಟ್ ಇಲ್ಲ’ ಎಂದು ಪಂಪ್‌ಸೆಟ್ ಬಿಚ್ಚುವ ರೈತನೂ, ಫ್ಯೂಸಿಗೆ ಕೈ ಹಾಕುವ ಮನೆಯಾತನೂ ನೆನಪಿಡಬೇಕಾದದ್ದು ಇಷ್ಟೇ: ದೀಪ ಆರಿದೆ ಎಂದರೆ ತಂತಿ ಸತ್ತಿದೆ ಎಂದಲ್ಲ. ಮೇನ್ ಸ್ವಿಚ್ ಆರಿಸಿಯೇ ಕೆಲಸಕ್ಕೆ ತೊಡಗಬೇಕು. ಬೀದಿಯಲ್ಲಿ ತಂತಿ ಬಿದ್ದಿದ್ದರೆ ಅದರ ಸುತ್ತಲಿನ ನೆಲವನ್ನೂ ನಂಬದೆ ದೂರ ನಿಂತು ಲೈನ್‌ಮನ್‌ಗೆ ತಿಳಿಸಬೇಕು.

ಆ ಹುಡುಗನ ಘಟನೆಯ ನಂತರ ನನ್ನ ಪಾಠದ ಕ್ರಮ ಬದಲಾಯಿತು. ‘ಮಂಡಲ ಪೂರ್ತಿಯಾಗದೆ ಕರೆಂಟ್ ಹರಿಯದು’ ಎಂದು ಕರಿಹಲಗೆಯ ಮೇಲೆ ಬರೆದ ಕೂಡಲೇ ಅದರ ಕೆಳಗೆ ಇನ್ನೊಂದು ಸಾಲು ಸೇರಿಸುತ್ತೇನೆ: ‘ಆ ಮಂಡಲ ನೀವಾಗಬೇಡಿ’.